‘ಖಚಿತ’ ಪದದ ಅರ್ಥ ಮತ್ತು ಮೂಲವನ್ನು ಹುಡುಕುವ ಬಗೆ

‘ರತ್ನಖಚಿತ ಸಿಂಹಾಸನ’ ಎಂದು ಓದುವಾಗ ನಮ್ಮ ಕಣ್ಣ ಮುಂದೆ ಹೊಳೆಯುವ ಕಲ್ಲುಗಳು ಬರುತ್ತವೆ. ‘ನಾಳೆ ಅವರು ಬರುವುದು ಖಚಿತ’ ಎಂದು ಕೇಳುವಾಗ ಕಲ್ಲಿನ ನೆನಪೂ ಸುಳಿಯುವುದಿಲ್ಲ. ಪದ ಮಾತ್ರ ಎರಡೂ ಕಡೆ ಒಂದೇ. ಒಂದು ವಸ್ತುವಿನ ಒಳಗೆ ಇನ್ನೊಂದನ್ನು ಕೂರಿಸಿದ ಸ್ಥಿತಿಯನ್ನು ಹೇಳುತ್ತಿದ್ದ ಪದವೊಂದು ಸಂದೇಹವಿಲ್ಲದ ಸ್ಥಿತಿಯನ್ನು ಹೇಳುವ ಪದವಾದದ್ದು ಹೇಗೆ ಎಂಬುದನ್ನು ಓದುಗರು ತಾವೇ ಹುಡುಕಿ ತಿಳಿಯಬಹುದು. ಅದಕ್ಕೆ ಭಾಷಾವಿಜ್ಞಾನದ ಪದವಿ ಬೇಡ. ಎರಡು ಮೂರು ನಿಘಂಟು, ನೆರೆಯ ಭಾಷೆಗಳ ಸ್ವಲ್ಪ ಪರಿಚಯ, ಜೊತೆಗೆ ಒಬ್ಬ ಅಕ್ಕಸಾಲಿಗನ ಕೆಲಸವನ್ನು ಹತ್ತು ನಿಮಿಷ ಕುಳಿತು ನೋಡುವ ತಾಳ್ಮೆ ಇದ್ದರೆ ಸಾಕು. ಇಲ್ಲಿ ‘ಖಚಿತ’ವನ್ನೇ ಮಾದರಿಯಾಗಿ ಇಟ್ಟುಕೊಂಡು ಆ ದಾರಿಯನ್ನು ತೋರಿಸಿದ್ದೇನೆ.

ನಿಘಂಟನ್ನು ತೆರೆಯುವ ಮೊದಲು ಪದವನ್ನು ಬಳಕೆಯಲ್ಲಿ ಹಿಡಿಯಬೇಕು. ಒಂದು ವಾರ ಪತ್ರಿಕೆ ಓದುವಾಗ, ಹಳೆಯ ಪುಸ್ತಕ ತಿರುವುವಾಗ, ಮನೆಯಲ್ಲಿ ಮಾತು ಕೇಳುವಾಗ ‘ಖಚಿತ’ ಸಿಕ್ಕ ವಾಕ್ಯಗಳನ್ನೆಲ್ಲ ಒಂದು ಹಾಳೆಯಲ್ಲಿ ಬರೆದಿಟ್ಟುಕೊಳ್ಳಿ. ಗೆಲುವು ಖಚಿತ, ಖಚಿತ ಮಾಹಿತಿ, ಖಚಿತಪಡಿಸಿದರು, ಖಚಿತವಾಗಿ ಹೇಳಲಾರೆ ಎಂಬಂಥವು ರಾಶಿಯಾಗಿ ಬರುತ್ತವೆ. ರತ್ನಖಚಿತ, ಮಣಿಖಚಿತ, ವಜ್ರಖಚಿತ, ನಕ್ಷತ್ರಖಚಿತ ಎಂಬಂಥವು ಅಪರೂಪಕ್ಕೆ ಬರುತ್ತವೆ. ಈ ಎರಡು ಗುಂಪುಗಳನ್ನು ಪಕ್ಕಪಕ್ಕದಲ್ಲಿ ಇಟ್ಟು ನೋಡಿದರೆ ಒಂದು ಸಂಗತಿ ತಾನಾಗಿ ಎದ್ದು ಬರುತ್ತದೆ: ಪದ ಒಂಟಿಯಾಗಿ ನಿಂತಾಗ ‘ನಿಶ್ಚಯ’ ಎಂಬ ಅರ್ಥ, ಸಮಾಸದ ಬಾಲದಲ್ಲಿ ನಿಂತಾಗ ‘ಕೂರಿಸಿದ’ ಎಂಬ ಅರ್ಥ. ಹಳೆಯ ಅರ್ಥಗಳು ಸಮಾಸಗಳಲ್ಲಿ, ಗಾದೆಗಳಲ್ಲಿ, ಪೂಜೆಯ ಮಾತುಗಳಲ್ಲಿ ಅಡಗಿ ಕೂರುವುದು ಎಲ್ಲ ಭಾಷೆಗಳಲ್ಲೂ ಕಾಣುವ ಸಂಗತಿಯಾದ್ದರಿಂದ, ಎರಡರಲ್ಲಿ ಹಿರಿಯ ಅರ್ಥ ಯಾವುದೆಂಬ ಮೊದಲ ಸುಳಿವು ಇಲ್ಲಿಯೇ ಸಿಗುತ್ತದೆ.

ಮುಂದೆ ಅಕ್ಷರಗಳನ್ನು ಗಮನಿಸಬೇಕು. ಪದದ ಮೊದಲ ಅಕ್ಷರ ‘ಖ’, ಅಂದರೆ ಮಹಾಪ್ರಾಣ. ಅಚ್ಚಗನ್ನಡ ಪದಗಳಲ್ಲಿ ಮಹಾಪ್ರಾಣ ತೀರ ವಿರಳ. ‘ಖ’ದಿಂದ ಆರಂಭವಾಗುವ ನಮ್ಮ ಪದಗಳು ಬಹುಪಾಲು ಖಡ್ಗ, ಖಗ, ಖಂಡಗಳಂತೆ ಸಂಸ್ಕೃತದಿಂದ ಬಂದವು, ಇಲ್ಲವೇ ಖಾಲಿ, ಖರ್ಚು, ಖುಷಿಗಳಂತೆ ಅರಬ್ಬಿ ಅಥವಾ ಪಾರಸಿಯಿಂದ ಬಂದವು. ಇವೆರಡರಲ್ಲಿ ಯಾವುದೆಂದು ಪದದ ಬಾಲ ಹೇಳುತ್ತದೆ. ಲಿಖಿತ, ರಚಿತ, ಪತಿತ, ಪಠಿತ ಎಂಬ ಪದಗಳ ಸಾಲಿನಲ್ಲಿ ‘ಖಚಿತ’ವನ್ನು ನಿಲ್ಲಿಸಿದರೆ ಅದು ಅದೇ ಮನೆಯ ಮಗುವೆಂದು ತಿಳಿಯುತ್ತದೆ. ಧಾತುವಿಗೆ ‘ತ’ ಸೇರಿ ಆದ ಸಂಸ್ಕೃತದ ಕೃದಂತ ಇದು. ಬರೆದದ್ದು ಲಿಖಿತವಾದಂತೆ, ‘ಖಚ್’ ಎಂಬ ಧಾತು ಹೇಳುವ ಕ್ರಿಯೆಗೆ ಒಳಗಾದದ್ದು ಖಚಿತ.

ಇನ್ನು ನಿಘಂಟು. ಕನ್ನಡಕ್ಕೆ 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಕಿಟೆಲ್ ನಿಘಂಟು, ಪ್ರಯೋಗಗಳ ಸಮೇತ ಅರ್ಥ ಕೊಡುವ ಕನ್ನಡ ಸಾಹಿತ್ಯ ಪರಿಷತ್ತಿನ ಎಂಟು ಸಂಪುಟಗಳ ಕನ್ನಡ ನಿಘಂಟು, ಸಂಸ್ಕೃತಕ್ಕೆ 1899ರ ಮೋನಿಯರ್ ವಿಲಿಯಮ್ಸ್ ನಿಘಂಟು ಇದ್ದರೆ ಸಾಮಾನ್ಯ ಓದುಗರ ಕೆಲಸ ನಡೆಯುತ್ತದೆ. ಕಿಟೆಲ್ ಮತ್ತು ಮೋನಿಯರ್ ವಿಲಿಯಮ್ಸ್ ನಿಘಂಟುಗಳು ಈಗ ಜಾಲದಲ್ಲಿ ಉಚಿತವಾಗಿಯೇ ದೊರೆಯುತ್ತವೆ. ಪರಿಷತ್ತಿನ ನಿಘಂಟನ್ನು ನೋಡುವಾಗ ಅರ್ಥದ ಸಾಲನ್ನಷ್ಟೇ ಓದಿ ಮುಚ್ಚಿಡಬಾರದು. ಕೆಳಗೆ ಕೊಟ್ಟ ಪ್ರಯೋಗಗಳು ಯಾವ ಕಾಲದವು ಎಂಬುದನ್ನು ಗಮನಿಸಿದರೆ ಪದದ ಚರಿತ್ರೆ ಅಲ್ಲಿಯೇ ಬಿಚ್ಚಿಕೊಳ್ಳುತ್ತದೆ. ನನ್ನ ಅನುಭವದಲ್ಲಿ ಅರ್ಥಕ್ಕಿಂತ ಪ್ರಯೋಗದ ಸಾಲುಗಳೇ ಹೆಚ್ಚು ಮಾತಾಡುತ್ತವೆ.

ಸಂಸ್ಕೃತದ ಧಾತುಗಳನ್ನು ಅರ್ಥಸಮೇತ ಪಟ್ಟಿ ಮಾಡಿದ ಧಾತುಪಾಠ ‘ಖಚ ಭೂತಪ್ರಾದುರ್ಭಾವೇ’ ಎನ್ನುತ್ತದೆ. ಇದ್ದದ್ದು ಹೊರಗೆ ಕಾಣಿಸಿಕೊಳ್ಳುವುದು, ಮೂಡುವುದು ಎಂದು ಅದರ ತಾತ್ಪರ್ಯ. ಇದೇ ಧಾತುವಿಗೆ ಬಿಗಿ, ಕಟ್ಟು, ಜೋಡಿಸು ಎಂಬ ಅರ್ಥಗಳೂ ನಿಘಂಟಿನಲ್ಲಿವೆ. ಒಂದು ಹೊರಗೆ ಚಾಚುವ ಮಾತು, ಇನ್ನೊಂದು ಒಳಗೆ ಬಿಗಿಯುವ ಮಾತು. ಮೊದಲ ನೋಟಕ್ಕೆ ಇವು ಒಂದಕ್ಕೊಂದು ವಿರುದ್ಧವಾಗಿ ಕಾಣುತ್ತವೆ. ಆದರೆ ಉಂಗುರದಲ್ಲಿ ಕೂರಿಸಿದ ಕಲ್ಲನ್ನೇ ನೋಡಿ: ಬುಡ ಚಿನ್ನದೊಳಗೆ ಬಿಗಿಯಾಗಿದೆ, ತಲೆ ಹೊರಗೆ ಮೂಡಿದೆ. ಒಸಡಿನಲ್ಲಿ ನಿಂತ ಹಲ್ಲಿನ ಸ್ಥಿತಿಯೂ ಅದೇ. ಪೂರ್ತಿ ಒಳಗೆ ಹೋದದ್ದನ್ನು ಹೂಳಿದ್ದು ಎನ್ನುತ್ತೇವೆ, ಪೂರ್ತಿ ಹೊರಗಿದ್ದದ್ದನ್ನು ಅಂಟಿಸಿದ್ದು ಎನ್ನುತ್ತೇವೆ. ಒಳಗೆ ಹಿಡಿತವಿದ್ದು ಹೊರಗೆ ಕಾಣುವುದು ಮಾತ್ರ ಖಚಿತ.

ಈ ಹಂತದಲ್ಲಿ ಒಂದು ಎಚ್ಚರಿಕೆ ಬೇಕು. ಕನ್ನಡದಲ್ಲಿ ‘ಕಚ್ಚು’ ಎಂಬ ಪದವಿದೆ. ಹಲ್ಲಿನಿಂದ ಹಿಡಿಯುವುದು ಅದರ ಒಂದು ಅರ್ಥ, ಮರದಲ್ಲೋ ಕಲ್ಲಿನಲ್ಲೋ ಕೊರೆದ ಗೀರು ಇನ್ನೊಂದು ಅರ್ಥ. ಕಚ್ಚಿ ಹಿಡಿದದ್ದೇ ಕಚ್ಚಿತ, ಅದೇ ಖಚಿತವಾಯಿತು ಎಂದು ಯಾರಾದರೂ ಹೇಳಿದರೆ ಕೇಳಲು ಬಹಳ ಚೆನ್ನಾಗಿರುತ್ತದೆ. ನಂಬಬಾರದು. ‘ಕಚ್ಚು’ ದ್ರಾವಿಡ ಭಾಷೆಗಳಿಗೆ ಸೇರಿದ ಪದ. ಬರೋ ಮತ್ತು ಎಮನೋ ಅವರ ದ್ರಾವಿಡ ವ್ಯುತ್ಪತ್ತಿ ನಿಘಂಟಿನಲ್ಲಿ (ಮೊದಲ ಮುದ್ರಣ 1961, ಪರಿಷ್ಕೃತ ಮುದ್ರಣ 1984) ಅದರ ಬಳಗ ಸಿಗುತ್ತದೆ. ‘ಖಚಿತ’ವಾದರೋ ಕನ್ನಡದ ಗಾಳಿಯೇ ಬೀಸದ ಬಂಗಾಳಿಯಲ್ಲೂ ಇದೆ. ಉಚ್ಚಾರಣೆಯ ಹೋಲಿಕೆ ಒಂದು ಅನುಮಾನವನ್ನು ಹುಟ್ಟಿಸಬಹುದೇ ಹೊರತು ಅದನ್ನು ತೀರಿಸಲಾರದು. ಮೂರು ಪ್ರಶ್ನೆಗಳನ್ನು ಕೇಳಿಕೊಳ್ಳುವ ಅಭ್ಯಾಸ ಒಳ್ಳೆಯದು: ಅಕ್ಷರಗಳ ಬದಲಾವಣೆಗೆ ಅದೇ ಬಗೆಯ ಬೇರೆ ಉದಾಹರಣೆಗಳಿವೆಯೇ, ಹಳೆಯ ಪ್ರಯೋಗಗಳು ಆ ಕಥೆಯನ್ನು ಒಪ್ಪುತ್ತವೆಯೇ, ನೆರೆಯ ಭಾಷೆಗಳಲ್ಲಿ ಆ ಪದದ ಪಾಡೇನು?

ಮೂರನೆಯ ಪ್ರಶ್ನೆ ಈ ಪದದ ಮಟ್ಟಿಗೆ ಅತ್ಯಂತ ಫಲವತ್ತಾದದ್ದು. ಹಿಂದಿಯಲ್ಲಿ ‘ರತ್ನಖಚಿತ್’ ಇದೆ, ಆದರೆ ನಿಶ್ಚಯಕ್ಕೆ ಅವರು ‘ನಿಶ್ಚಿತ್’ ಅಥವಾ ‘ಪಕ್ಕಾ’ ಎನ್ನುತ್ತಾರೆಯೇ ಹೊರತು ‘ಖಚಿತ್’ ಎನ್ನುವುದಿಲ್ಲ. ಬಂಗಾಳಿಯಲ್ಲಿ ‘ತಾರಕಾಖಚಿತ’ ಎಂಬ ಸೊಗಸಾದ ಸಮಾಸವಿದ್ದು, ಅದನ್ನು ಆಕಾಶಕ್ಕೂ ಸಿನಿಮಾ ತಾರೆಯರು ತುಂಬಿದ ಸಮಾರಂಭಕ್ಕೂ ಬಳಸುತ್ತಾರೆ. ಅಲ್ಲಿಯೂ ನಿಶ್ಚಯದ ಅರ್ಥವಿಲ್ಲ. ಮರಾಠಿಗೆ ಬಂದರೆ ಗಾಳಿ ಬದಲಾಗುತ್ತದೆ: ಅಲ್ಲಿ ‘ಖಚಿತ’ ಎಂದರೆ ನಿಸ್ಸಂದೇಹವಾಗಿ ಎಂದರ್ಥ. ತೆಲುಗಿನಲ್ಲಿ ‘ಚ’ಕಾರಕ್ಕೆ ಒತ್ತು ಬಂದು ‘ಖಚ್ಚಿತಂ’ ಆಗಿದೆ. ‘ಖಚ್ಚಿತಂಗಾ’ ಎಂಬುದು ಹೈದರಾಬಾದಿನ ಬೀದಿಯಲ್ಲಿ ದಿನಕ್ಕೆ ನೂರು ಸಲ ಕೇಳುವ ಮಾತು. ತಮಿಳಿನ ‘ಕಚ್ಚಿದಂ’ ಎಂಬ ಪದಕ್ಕೆ ಅಚ್ಚುಕಟ್ಟು, ಅಳತೆಗೆ ಸರಿಯಾಗಿ ಕೂತದ್ದು ಎಂಬ ಅರ್ಥವಿದ್ದು, ಮೈಗೆ ಸರಿಯಾಗಿ ಹೊಂದಿದ ಅಂಗಿಗೂ ಅಚ್ಚುಕಟ್ಟಾಗಿ ಮುಗಿದ ಕೆಲಸಕ್ಕೂ ಅದು ಸಲ್ಲುತ್ತದೆ. ಈ ಐದನ್ನು ಭೂಪಟದ ಮೇಲೆ ಇಟ್ಟು ನೋಡಿ. ಉತ್ತರ ಮತ್ತು ಪೂರ್ವದಲ್ಲಿ ಪದ ಕಲ್ಲಿನ ಜೊತೆಗೇ ಉಳಿದಿದೆ. ದಖ್ಖನಿನ ಭಾಷೆಗಳಲ್ಲಿ ಅದು ಮಾತಿನ ಭರವಸೆಗೆ ದಾಟಿದೆ. ನಡುವೆ ಏನಾಯಿತೆಂಬುದನ್ನು ತಮಿಳಿನ ಅರ್ಥವೇ ತೋರಿಸಿಕೊಡುತ್ತದೆ ಎಂದು ನನ್ನ ಎಣಿಕೆ: ಕೂರಿಸಿದ್ದು, ಅಳತೆಗೆ ಸರಿಯಾಗಿ ಕೂತದ್ದು, ಇನ್ನು ಕದಲದ್ದು, ಆದ್ದರಿಂದ ಸಂದೇಹವಿಲ್ಲದ್ದು.

ನಿಘಂಟು ಇಷ್ಟಕ್ಕೆ ನಿಲ್ಲುತ್ತದೆ. ಆದರೆ ಕಸುಬಿನಿಂದ ಹುಟ್ಟಿದ ಪದಗಳನ್ನು ಕಸುಬಿನ ಜಾಗದಲ್ಲೇ ಒಮ್ಮೆ ನೋಡಬೇಕು. ಬಹಳ ಹಿಂದೆ ಅಮ್ಮನ ಕೆಂಪು ಹರಳಿನ ಉಂಗುರವನ್ನು ಅವರೊಂದಿಗೆ ಅಕ್ಕಸಾಲಿಗರ ಅಂಗಡಿಗೆ ಒಯ್ದಿದ್ದೆ. ‘ಏನಾಗಿದೆ ಅಮ್ಮಾ ಇದಕ್ಕೆ?’ ಎಂದು ಕೇಳಿದ ಆಚಾರ್ರು ಉತ್ತರಕ್ಕೆ ಕಾಯದೆ ಉಂಗುರವನ್ನು ಕಿವಿಯ ಹತ್ತಿರ ಹಿಡಿದು ಎರಡು ಬಾರಿ ಅಲುಗಾಡಿಸಿದರು. ನಮಗೆ ಕೇಳಿಸದ ಸದ್ದು ಅವರಿಗೆ ಕೇಳಿಸಿತ್ತು. ‘ಕಲ್ಲು ಸಡಿಲ ಆಗಿದೆ, ಇನ್ನೊಂದು ತಿಂಗಳು ಹಾಕಿಕೊಂಡಿದ್ದರೆ ಬಚ್ಚಲಲ್ಲಿ ಹುಡುಕಬೇಕಿತ್ತು’ ಎಂದು ನಕ್ಕು, ಬಿಸಿ ಮಾಡಿದ ಅರಗಿನಲ್ಲಿ ಉಂಗುರವನ್ನು ಅಲುಗದಂತೆ ನಿಲ್ಲಿಸಿ, ಕಲ್ಲಿನ ಸುತ್ತಲಿನ ಚಿನ್ನದ ಅಂಚನ್ನು ಚಿಕ್ಕ ಉಳಿಯಿಂದ ಒಂದೊಂದೇ ಕೂದಲೆಳೆಯಷ್ಟು ಒಳಕ್ಕೆ ಒತ್ತುತ್ತ ಹೋದರು. ಒತ್ತುವಾಗ ಅವರು ಕಲ್ಲನ್ನು ಮುಟ್ಟಲೇ ಇಲ್ಲ, ಮುಟ್ಟಿದ್ದೆಲ್ಲ ಚಿನ್ನವನ್ನು. ಕೊನೆಗೆ ಮತ್ತೆ ಉಂಗುರ ಕಿವಿಯ ಹತ್ತಿರ ಹೋಯಿತು, ಸದ್ದಿಲ್ಲ. ಈ ಕೆಲಸದಲ್ಲಿ ಕಲ್ಲು ಕೂತಿದೆಯೇ ಇಲ್ಲವೇ ಎಂಬುದು ಅಭಿಪ್ರಾಯದ ವಿಷಯವಲ್ಲ, ಕಿವಿಗೆ ತಿಳಿಯುವ ವಿಷಯ.

ಒಳಗೆ ಕೂರಿಸುವ ಕೆಲಸವನ್ನು ಇನ್ನೂ ಬಿಡಿಸಿ ನೋಡಬೇಕೆನ್ನುವವರು ಬೀದರಿಗೆ ಹೋಗಬೇಕು. ಬಿದರಿ ಪಾತ್ರೆಯ ಮೈ ಬಹುಪಾಲು ಸತು, ಅದರಲ್ಲಿ ಸ್ವಲ್ಪ ತಾಮ್ರ; ಸಾಮಾನ್ಯವಾಗಿ 16 ಪಾಲಿಗೆ 1 ಪಾಲು. ಎರಕ ಹೊಯ್ದು ಅರದಿಂದ ಉಜ್ಜಿ ನುಣುಪು ಮಾಡಿದ ಮೇಲೆ ಮೈಲುತುತ್ತದ ನೀರನ್ನು ಸವರುತ್ತಾರೆ, ಆಗ ಮೈ ತಾತ್ಕಾಲಿಕವಾಗಿ ಕಪ್ಪಾಗಿ, ಅದರ ಮೇಲೆ ಗೀಚಿದ ಚಿತ್ರದ ಗೆರೆಗಳು ಕಣ್ಣಿಗೆ ಕಾಣುತ್ತವೆ. ಆ ಗೆರೆಗಳನ್ನು ಉಳಿಯಿಂದ ಕೊರೆದು, ಕೊರೆದ ಕಾಲುವೆಯಲ್ಲಿ ಬೆಳ್ಳಿಯ ತಂತಿಯನ್ನೋ ತಗಡನ್ನೋ ಇಟ್ಟು ಸುತ್ತಿಗೆಯಿಂದ ಮೆಲ್ಲಗೆ ಬಡಿದು ಕೂರಿಸುತ್ತಾರೆ. ಮತ್ತೆ ಉಜ್ಜಿದಾಗ ಬೆಳ್ಳಿಯೂ ಸತುವೂ ಒಂದೇ ಬಣ್ಣಕ್ಕೆ ತಿರುಗಿ, ಇಷ್ಟು ಹೊತ್ತಿನ ಕೆಲಸವೆಲ್ಲ ಮಾಯವಾದಂತೆ ತೋರುತ್ತದೆ. ಬೀದರ್ ಕೋಟೆಯ ಮಣ್ಣನ್ನು ನವಸಾಗರದೊಂದಿಗೆ ನೀರಿನಲ್ಲಿ ಕಲಸಿ ಬಿಸಿ ಪಾತ್ರೆಗೆ ಬಳಿದಾಗ ಮೈ ಶಾಶ್ವತವಾಗಿ ಕಪ್ಪಾಗುತ್ತದೆ, ಬೆಳ್ಳಿ ಮಾತ್ರ ಬೆಳ್ಳಗೆ ಉಳಿಯುತ್ತದೆ. ಧಾತುಪಾಠ ಹೇಳಿದ ‘ಪ್ರಾದುರ್ಭಾವ’, ಇದ್ದದ್ದು ಕಾಣಿಸಿಕೊಳ್ಳುವುದು, ಇದಕ್ಕಿಂತ ಕಣ್ಣಾರೆ ಬೇರೆಲ್ಲಿ ಕಂಡೀತು?

ಬಿದರಿ ಕೆಲಸದ ಪದಗಳಲ್ಲೂ ಒಂದು ಪಾಠವಿದೆ. ತಂತಿ ಕೂರಿಸುವ ಬಗೆಗೆ ‘ತಾರಕಶಿ’ ಎನ್ನುತ್ತಾರೆ, ತಗಡು ಕೂರಿಸುವ ಬಗೆಗೆ ‘ತೆಹನಿಶಾನ್’ ಎನ್ನುತ್ತಾರೆ. ಈ ‘ನಿಶಾನ್’ ನಮ್ಮ ‘ನಿಶಾನೆ’ಯಲ್ಲ, ನಿಶಾನೆ ಎಂದರೆ ಗುರುತು, ಬಾವುಟ. ಇದು ಪಾರಸಿಯ ‘ನಿಶಾಂದನ್’ ಎಂಬ ಕ್ರಿಯಾಪದದ ರೂಪ, ಅರ್ಥ ‘ಕೂರಿಸು’. ಅಕ್ಕಸಾಲಿಗರು ‘ಹರಳು ಕೂರಿಸುವುದು’ ಎನ್ನುತ್ತಾರೆ, ಉತ್ತರ ಕರ್ನಾಟಕದಲ್ಲಿ ಅದೇ ‘ಕುಂದ್ರಸೂದು’ ಆಗುತ್ತದೆ. ಪಾರಸಿಯವರೂ ಕಲ್ಲನ್ನು, ಬೆಳ್ಳಿಯನ್ನು ಅತಿಥಿಯಂತೆ ಕೂರಿಸಿದ್ದಾರೆ. ಇಲ್ಲಿ ಯಾರೂ ಯಾರಿಂದಲೂ ಪದವನ್ನು ಸಾಲ ತಂದಿರಬೇಕಾಗಿಲ್ಲ. ಕೈಯ ಕೆಲಸ ಒಂದೇ ಆದಾಗ ದೂರದ ಭಾಷೆಗಳು ಒಂದೇ ಹೋಲಿಕೆಯನ್ನು ಹಿಡಿಯುತ್ತವೆ, ಮೂಲ ಹುಡುಕುವವರು ಅದನ್ನು ಸಂಬಂಧವೆಂದು ತಪ್ಪಾಗಿ ಎಣಿಸಬಾರದು.

ಮೈಸೂರಿನಲ್ಲಿ ಇದೇ ಕೆಲಸ ಮರದ ಮೇಲೆ ನಡೆಯುತ್ತದೆ. ಬೀಟೆ ಮರದ ಹಲಗೆಯಲ್ಲಿ ಚಿತ್ರದ ಆಕಾರಕ್ಕೆ ಗುಳಿ ತೋಡಿ, ಬೇರೆ ಬೇರೆ ಬಣ್ಣದ ಮರದ ಚೂರುಗಳನ್ನು ಅದೇ ಆಕಾರಕ್ಕೆ ಕೊಯ್ದು, ಅಂಟು ಹಾಕಿ ಕೂರಿಸಿ, ಉಜ್ಜಿ ಹೊಳಪು ಕೊಡುತ್ತಾರೆ. ಹಿಂದೆ ಈ ಚೂರುಗಳು ಆನೆಯ ದಂತದವಾಗಿದ್ದವು; ಮೈಸೂರು ಅರಮನೆಯ ಅಂಬಾವಿಲಾಸದ ಬಾಗಿಲಿನಲ್ಲಿ ಅಂಥ ದಂತಖಚಿತ ಬೀಟೆಯ ಕೆಲಸವನ್ನು ಈಗಲೂ ನೋಡಬಹುದು. ಇಂಗ್ಲಿಷಿನಿಂದ ಬಂದ ‘ಇನ್ಲೇ’ ಎಂಬ ಪದವೇ ಈ ಕಸುಬಿನವರ ಬಾಯಲ್ಲಿ ನಿಂತುಬಿಟ್ಟಿರುವುದರಿಂದ ‘ಖಚಿತ’ಕ್ಕೆ ತನ್ನ ಹಳೆಯ ಕೆಲಸಕ್ಕೆ ಮರಳುವ ಅವಕಾಶ ತಪ್ಪಿತೆಂದು ನನಗೆ ಕೊಂಚ ಬೇಸರವಿದೆ, ಆದರೆ ಕಸುಬಿನವರ ಪದವನ್ನು ತಿದ್ದಲು ಹೋಗುವುದು ಬರಹಗಾರರ ಕೆಲಸವಲ್ಲ.

ಅರ್ಥ ದಾಟಿದ ದಾರಿಯನ್ನು ಊಹಿಸಿದ ಮೇಲೆ ಆ ಊಹೆಯನ್ನು ಪರೀಕ್ಷಿಸಬೇಕು. ಅದಕ್ಕೆ ಒಳ್ಳೆಯ ಉಪಾಯವೆಂದರೆ ಅದೇ ಅರ್ಥದ ಬೇರೆ ಪದಗಳು ಎಲ್ಲಿಂದ ಬಂದವೆಂದು ನೋಡುವುದು. ‘ತಾರೀಕು ಗಟ್ಟಿ ಆಯಿತೇ?’ ಎಂದು ಕೇಳುತ್ತೇವೆ. ಗಟ್ಟಿ ಎಂಬುದು ಮೊದಲು ಕಲ್ಲಿನ, ಮರದ, ತೆಂಗಿನಕಾಯಿಯ ಗುಣ. ‘ಪಕ್ಕಾ’ ಎಂದರೆ ಮೂಲದಲ್ಲಿ ಬೆಂದದ್ದು, ಮಾಗಿದ್ದು. ‘ದೃಢಪಡಿಸು’ ಎನ್ನುವಾಗಿನ ದೃಢವೂ ಮೊದಲು ಬಿಗಿಯಾದದ್ದೇ. ಹೀಗೆ ನಿಶ್ಚಯವನ್ನು ಹೇಳುವ ನಮ್ಮ ಪದಗಳ ಸಾಲಿನಲ್ಲಿ ಕೈಗೆ ತಾಗುವ ಗುಣಗಳೇ ತುಂಬಿರುವಾಗ, ಕದಲದಂತೆ ಕೂತ ಹರಳು ಕದಲದ ಮಾತಾಯಿತೆಂಬ ವಿವರಣೆ ಒಂಟಿಯಾಗಿ ನಿಲ್ಲುವುದಿಲ್ಲ. ಇನ್ನೊಂದು ಸ್ವಾರಸ್ಯವನ್ನೂ ಗಮನಿಸಬೇಕು. ರತ್ನ ಜನರ ನಾಲಿಗೆಯಲ್ಲಿ ಸವೆದು ರನ್ನವಾಯಿತು, ವಜ್ರ ಬಜ್ಜರವಾಯಿತು, ಮಾಣಿಕ್ಯ ಮಾಣಿಕವಾಯಿತು. ಆದರೆ ಅವುಗಳ ಅರ್ಥ ಕೆಡಲಿಲ್ಲ. ಖಚಿತದ ರೂಪ ಬರಹದಲ್ಲಿ ಒಂದಿಷ್ಟೂ ಸವೆಯದೆ ಉಳಿದು, ಅರ್ಥವೇ ಬೇರೆ ದಾರಿ ಹಿಡಿಯಿತು.

ಹಳೆಯ ಅರ್ಥದ ಜಾಗ ಖಾಲಿಯಾದಾಗ ಅಲ್ಲಿ ಯಾವ ಪದಗಳು ಕೂತಿವೆ ಎಂಬುದನ್ನು ನೋಡದೆ ಹುಡುಕಾಟ ಮುಗಿಯುವುದಿಲ್ಲ. ಅಚ್ಚಗನ್ನಡದ ‘ಕೆತ್ತು’ ಇವುಗಳಲ್ಲಿ ಹಿರಿಯದು; ಇಂದು ಅದನ್ನು ಉಳಿಯಿಂದ ಕಡೆಯುವುದಕ್ಕೆ ಮಾತ್ರ ಬಳಸುತ್ತೇವಾದರೂ, ಹಳೆಯ ಹಾಡುಗಳ ‘ರನ್ನ ಕೆತ್ತಿದ’ ಎಂಬ ಮಾತಿನಲ್ಲಿ ರತ್ನವನ್ನು ಯಾರೂ ಕಡೆಯುತ್ತಿಲ್ಲ, ಕೂರಿಸುತ್ತಿದ್ದಾರೆ. ಗುಳಿ ತೋಡುವುದೂ ಗುಳಿಯಲ್ಲಿ ಕಲ್ಲು ಇಡುವುದೂ ಒಂದೇ ಕೆಲಸದ ಎರಡು ಭಾಗಗಳಾದ್ದರಿಂದ ಒಂದೇ ಪದ ಎರಡಕ್ಕೂ ಸಾಕಾಯಿತು. ‘ಕುಂದಣ’ ಎಂದರೆ ಅಪ್ಪಟ ಚಿನ್ನದ ತೆಳು ತಗಡನ್ನು ಕಲ್ಲಿನ ಸುತ್ತ ಒತ್ತಿ ಕೂರಿಸುವ ವಿಶಿಷ್ಟ ಬಗೆ. ‘ಜಡಿತ’ವು ‘ಖಚಿತ’ದ ಸಮೀಪದ ನೆಂಟ, ರತ್ನಜಡಿತ ಎಂದರೂ ರತ್ನಖಚಿತ ಎಂದರೂ ಓದುಗರಿಗೆ ವ್ಯತ್ಯಾಸವಿಲ್ಲ. ಆದರೆ ‘ಬೀಗ ಜಡಿ’, ‘ಮೊಳೆ ಜಡಿ’ ಎಂಬಲ್ಲಿನ ‘ಜಡಿ’ಯನ್ನು ತಕ್ಷಣ ಇದಕ್ಕೆ ಗಂಟು ಹಾಕಬೇಡಿ, ‘ಕಚ್ಚು’ವಿನ ಪಾಠ ಅಲ್ಲಿಯೂ ನೆನಪಿರಲಿ. ‘ಹುದುಗು’ ಕಣ್ಣಿಗೆ ಕಾಣದಂತೆ ಒಳಗಿರುವುದನ್ನು ಹೇಳುತ್ತದೆ, ‘ಪೋಣಿಸು’ ದಾರಕ್ಕೆ ಸೇರಿದ ಮಾತು, ‘ಲೇಪಿತ’ ಮೇಲೆ ಬಳಿದದ್ದು. ಚಿನ್ನದ ನೀರು ಕೊಟ್ಟ ಬಳೆಯನ್ನು ಸ್ವರ್ಣಖಚಿತ ಎಂದು ಜಾಹೀರಾತಿನಲ್ಲಿ ಬರೆದರೆ ಅದು ಭಾಷೆಯ ತಪ್ಪೂ ಹೌದು, ವ್ಯಾಪಾರದ ತಪ್ಪೂ ಹೌದು. ಸಂಡೂರಿನ ಲಂಬಾಣಿ ಕಸೂತಿಯ ಕನ್ನಡಿ ಚೂರುಗಳನ್ನು ಖಚಿತ ಎನ್ನಬಹುದೇ ಎಂದು ಕೇಳಿದರೆ, ಬಟ್ಟೆಯಲ್ಲಿ ಗುಳಿಯಿಲ್ಲ, ಕನ್ನಡಿಯನ್ನು ಹಿಡಿದಿರುವುದು ಸುತ್ತಲಿನ ಹೊಲಿಗೆ. ಆದ್ದರಿಂದ ಗದ್ಯದಲ್ಲಿ ಬೇಡ, ಪದ್ಯದಲ್ಲಿ ಬರೆದರೆ ಯಾರೂ ಜಗಳವಾಡುವುದಿಲ್ಲ ಎಂಬುದು ನನ್ನ ಉತ್ತರ.

ಬರೆಯುವವರಿಗೆ ಇದರಿಂದ ಆಗುವ ಉಪಯೋಗ ಚಿಕ್ಕದಾದರೂ ದಿನನಿತ್ಯದ್ದು. ಕೂರಿಸಿದ ಎಂಬ ಅರ್ಥ ಬೇಕಾದಾಗ ‘ಖಚಿತ’ವನ್ನು ಹಿಂದಿನ ಪದಕ್ಕೆ ಸೇರಿಸಿಯೇ ಬರೆಯಬೇಕು. ‘ಪದಕದಲ್ಲಿ ಹವಳ ಖಚಿತವಾಗಿದೆ’ ಎಂದು ಬರೆದರೆ ಹವಳ ಇರುವುದರಲ್ಲಿ ಸಂದೇಹವಿಲ್ಲ ಎಂದೇ ಇಂದಿನ ಓದುಗರು ತಿಳಿಯುತ್ತಾರೆ. ‘ಹವಳಖಚಿತ ಪದಕ’ ಎಂದೋ, ಸಂಸ್ಕೃತ ಮತ್ತು ಕನ್ನಡದ ಬೆರಕೆ ಹಿಡಿಸದವರು ‘ಹವಳ ಕೂರಿಸಿದ ಪದಕ’ ಎಂದೋ ಬರೆದರೆ ಗೊಂದಲವಿಲ್ಲ. ಸಮಾಸವನ್ನು ನಡುವೆ ಬಿಡಿಸಿ ‘ರತ್ನ ಖಚಿತ’ ಎಂದು ಅಚ್ಚು ಹಾಕುವುದು ಈಗ ಪತ್ರಿಕೆಗಳಲ್ಲಿ ಹೆಚ್ಚಾಗಿದೆ. ಚುನಾವಣೆಯ ದಿನಗಳಲ್ಲಿ ಅಂಥ ತಲೆಬರಹವನ್ನು ಕಂಡವರು, ಯಾವ ಕ್ಷೇತ್ರದಲ್ಲಿ ರತ್ನಾ ಅವರ ಗೆಲುವು ಗಟ್ಟಿಯಾಯಿತೆಂದು ಒಳಪುಟ ತಿರುವಿದರೆ ಅವರನ್ನು ದೂರುವಂತಿಲ್ಲ.